ಮೂವತ್ತೇಳನೆಯವಳು

ಕೊಣನೂರಿನ ಗುಜರಿ ಹಬೀಬಣ್ಣ
ಯಾವುದೋ ಎಸ್ಟೇಟ್ ಬಂಗಲೆಯ ಹಳೇ ಕಾಗದ ತೂಗಿ ತಂದಾಗ
ನಡುವೆ ಒಂದು ತಗಡಿನ ಡಬ್ಬಿ.
ಡಬ್ಬಿಯೊಳಗೆ ಹೆಂಗಸರು.

ಬೆಂಕಿಪೊಟ್ಟಣದಷ್ಟು ರಟ್ಟಿನ ಮೇಲೆ ಒಬ್ಬೊಬ್ಬಳು:
ಟೋಪಿಯವಳು, ಕೊಡೆಯವಳು,
ಸೈಕಲ್ಲಿಗೆ ಒರಗಿಯೂ ಸೈಕಲ್ ಬಾರದವಳು.
ಸಿಗರೇಟು ನಲುಗದಿರಲೆಂದು ಇಡುತ್ತಿದ್ದ ರಟ್ಟಂತೆ ಮೊದಲು;
ಆಮೇಲೆ ಯಾರಿಗೋ ಹೊಳೆಯಿತಂತೆ,
ಖಾಲಿ ಯಾಕೆ ಬಿಡಬೇಕು.
ಬೆನ್ನ ಮೇಲೆ ಕಂಪನಿಯ ಹೆಸರು, ಒಂದು ನಂಬರು.
ಐವತ್ತು ಜನ ಸೇರಿದರೆ ಸೆಟ್ಟು.

ಮೂವತ್ತೇಳನೆಯವಳು ನಮ್ಮ ದೇಶದವಳು.
ಹೊಗೆಸೊಪ್ಪಿನ ಹೊಲದಲ್ಲಿ ಸೊಂಟ ತಿರುಚಿ ನಿಂತಿದ್ದಾಳೆ,
ಬಗಲಲ್ಲಿ ಎಲೆಯ ಕಂತೆ,
ಕೈ ಮಾತ್ರ ಬೆಣ್ಣೆ.

ಅವಳನ್ನು ಎರವಲು ತಂದು
ಬ್ಯಾರನ್ ಮುಂದೆ ಎಲೆ ಬಿಡಿಸುತ್ತಿದ್ದ ದ್ಯಾವೀರವ್ವನಿಗೆ ತೋರಿಸಿದೆ.
ಹುಣಸೆ ಹಚ್ಚಿ ತಿಕ್ಕಿದರೂ ಬಿಡದ ಅಂಟು ಅವಳ ಕೈಗೆ;
ಸೀಸನ್ ಮುಗಿಯುವ ತನಕ
ಮುದ್ದೆಯನ್ನೂ ಚಮಚದಲ್ಲಿ ಮುರಿದು ತಿನ್ನುವವಳು.

ದೂರ ಹಿಡಿದಳು, ಹತ್ತಿರ ಹಿಡಿದಳು.
"ಇವಳ ಸೆರಗು ಬಲಗಡೀಕೈತೆ ಕಣೇ.
ಕನ್ನಡೀಲಿ ನೋಡ್ಕಂಡು ಬರೆದವ್ನೆ.
ತುದಿ ಎಲೆ ಕಿತ್ಕಂಡವ್ಳೆ, ಬುಡದ್ದು ಹಂಗೇ ಐತೆ,
ನಮ್ಮ ಗೌಡ್ರು ಕಂಡಿದ್ರೆ ಬೈಯೋರು."
ಆಮೇಲೆ, ಸ್ವಲ್ಪ ಹೊತ್ತಾದ ಮೇಲೆ:
"ನಿಂತಿದ್ದಕ್ಕೆ ಕೂಲಿ ಕೊಟ್ರಂತಾ?"

ಶನಿವಾರ ಮೈಸೂರಿನಿಂದ ಒಬ್ಬರು ಬಂದರು,
ಇಂಥವನ್ನೇ ಕೂಡಿಡುವವರು.
ಬಿಳಿ ಕೈಚೀಲ ತೊಟ್ಟು, ಭೂತಗನ್ನಡಿ ಹಿಡಿದು
ಒಬ್ಬೊಬ್ಬಳನ್ನೇ ತಿರುಗಿಸಿದರು:
ಮೂಲೆ ಚೂಪಿದೆ. ಬಣ್ಣ ಮಾಸಿದೆ. ಬೆನ್ನು ಸ್ವಚ್ಛ.
ರಾಮನಾಥಪುರದ ಹರಾಜು ಕಟ್ಟೆಯಲ್ಲಿ
ಬೇಲಿನೊಳಗೆ ಕೈ ತೂರಿಸಿ, ಎಲೆ ಎಳೆದು, ಮೂಸಿ
ಬ್ರೈಟು, ಮೀಡಿಯಮ್ಮು, ಲೋ ಎನ್ನುತ್ತಾರಲ್ಲ, ಅದೇ ದನಿ.
ಅಲ್ಲಿ ಚೀಟಿ ಬರೆಯುವವಳು ನಾನು;
ನನ್ನ ಕೈ ತಾನಾಗಿ ಪೆನ್ನು ಹುಡುಕಿತು.

ಮೂವತ್ತೇಳರ ಮುಂದೆ ತಡೆದರು.
ಕೆನ್ನೆಯಿಂದ ಕೊರಳ ತನಕ ಒಂದು ಹೆಬ್ಬೆಟ್ಟು,
ಕಪ್ಪಗೆ, ಇನ್ನೂ ಅಂಟಂಟು.
"ಛೇ, ಇವಳು ಹಾಳಾದಳು" ಎಂದು
ನಲವತ್ತೊಂಬತ್ತಕ್ಕೆ ದುಡ್ಡೆಣಿಸಿ ಹೋದರು.
ಹಬೀಬಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

ಈಗ ಅವಳು ದ್ಯಾವೀರವ್ವನ ಲೆಕ್ಕದ ಪುಸ್ತಕದಲ್ಲಿದ್ದಾಳೆ.
ಬಂದ ದಿನ, ಬಾರದ ದಿನ, ಬಾಕಿ;
ಸಂಜೆಗೊಂದು ಹಾಳೆ ಮುಂದಕ್ಕೆ ಸರಿಯುತ್ತಾಳೆ.
ಮೊನ್ನೆ ತೆರೆದರೆ ಘಾಟು ಮೂಗಿಗೆ ಬಡಿಯಿತು,
ಹೊಸದಾಗಿ ಕೆಲಸಕ್ಕೆ ಸೇರಿದವಳು
ಮೊದಲ ದಿನ ಮನೆಗೆ ಹೊರಟ ಹಾಗೆ.