ಕೆಮ್ಮು

ಜೂನಿನಲ್ಲಿ ಬೋಟುಗಳು ಮಲ್ಪೆ ದಕ್ಕೆಗೆ ಬಂದು
ಒಂದಕ್ಕೊಂದು ಹೆಗಲು ತಾಗಿಸಿ
ಎರಡು ತಿಂಗಳು ಸುಮ್ಮನೆ ನಿಲ್ಲುತ್ತವೆ.
ಗಂಡಸರು ಮನೆಯಲ್ಲಿ.
ಆಗ ನನ್ನ ಮೆಡಿಕಲ್ ಶಾಪಿನಲ್ಲಿ
ಸಿರಪ್ಪಿನ ಬಾಟಲಿಗಳಿಗಿಂತ ಕೆಮ್ಮು ಜಾಸ್ತಿ.

ಮೊದಲು ಬ್ಯಾಂಡೇಜ್ ಕೇಳುತ್ತಾರೆ,
ಹಿಂದೆ ನಿಂತ ಹೆಂಗಸು ಹೋಗುವವರೆಗೆ
ಟೂತ್‌ಪೇಸ್ಟಿನ ಮೇಲಿನ ಅಕ್ಷರ ಓದುತ್ತಾರೆ,
ಮತ್ತೆ ಗಾಜಿನ ಮೇಲೆ ಬೆರಳಿಟ್ಟು
"ಪ್ರೆಸಿಲ್ಲಕ್ಕಾ, ಅದು ಉಂಟಾ?"

ಮೋನಪ್ಪ ತಿಂಗಳಾಯರು ಅಷ್ಟೂ ಹೇಳಲಿಲ್ಲ.
ಇಪ್ಪತ್ತೆಂಟು ವರ್ಷದ ತಾಂಡೇಲ,
ನೀರಿನ ಬಣ್ಣ ನೋಡಿ ಬಂಗುಡೆಯ ಜಾಡು ಹೇಳುವವರು,
ನನ್ನ ಕೌಂಟರಿನಲ್ಲಿ ದಿಕ್ಕು ತಪ್ಪಿ
ಖಾಲಿ ಸ್ಟ್ರಿಪ್ ಒಂದನ್ನು ಮುಂದಿಟ್ಟರು.
ಯಾರೋ ಬೋಟಿನವ ಕೊಟ್ಟದ್ದಂತೆ.
"ಇಂಥದ್ದು ನಾಲ್ಕು."

ಡಾಕ್ಟರ ಚೀಟಿ?
"ಇದಕ್ಕೆಲ್ಲ ಎಂತ ಚೀಟಿ ಮಾರಾಯ್ತಿ."

ಅವರ ಅಂಗಿಯ ಕಿಸೆಯಲ್ಲಿ
ನಾನೇ ಕೊಟ್ಟ ಪುಟ್ಟ ಡಬ್ಬಿ ಎದ್ದು ಕಾಣುತ್ತಿತ್ತು:
ಎದೆ ಹಿಡಿದರೆ ನಾಲಗೆಯಡಿ ಇಡುವ ಮಾತ್ರೆ.

ಭಾಷಣ ನನಗೆ ಬರುವುದಿಲ್ಲ.
ಇದೂ ರಕ್ತದ ದಾರಿ ಸಡಿಲಿಸುತ್ತದೆ, ಅದೂ ಸಡಿಲಿಸುತ್ತದೆ,
ಎರಡೂ ಸೇರಿದರೆ ಬಿಪಿ
ಹಗ್ಗ ಕಡಿದ ಲಂಗರಿನ ಹಾಗೆ ತಳಕ್ಕೆ, ಅಂದೆ.
ನೀರು ಕುಡಿಯಲಿಕ್ಕೆಂದು ಏಳುತ್ತೀರಿ,
ಚೆಂಬಿನವರೆಗೆ ತಲುಪುವುದಿಲ್ಲ.

"ಹಾಗಾದರೆ ಒಂದು ದಿನ ಅದು, ಒಂದು ದಿನ ಇದು?"
ಹರಾಜಿಗೆ ನಿಂತವರ ಹಾಗೆ ಚೌಕಾಸಿ.
ಅರ್ಧ ಮಾತ್ರೆಯೂ ಇಲ್ಲ. ಎದೆಯ ಡಾಕ್ಟರಿಗೆ ಹೇಳಿ.
"ಅವಳು ನನ್ನ ಮಗಳ ಪ್ರಾಯದವಳು."
ನಾನೂ ಹಾಗೇ. ನನಗೆ ಹೇಳಿದಿರಲ್ಲ?
"ನಿನಗೆ ಎಲ್ಲಿ ಹೇಳಿದೆ? ಸ್ಟ್ರಿಪ್ ಇಟ್ಟೆ."
ಅವರ ಮೇಜಿನ ಮೇಲೂ ಹಾಗೇ ಇಡಿ.

ಬ್ಯಾಂಡೇಜ್ ತೆಗೆದುಕೊಂಡು ಹೋದರು. ಗಾಯವಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಇಲ್ಲ.
ಹೆಸರಿಲ್ಲದ ಪೊಟ್ಟಣ ಮಾರುವವರು ಬೇಕಾದಷ್ಟು ಮಂದಿ,
ಅವರು ಚೀಟಿ ಕೇಳುವುದಿಲ್ಲ,
ಕಿಸೆ ನೋಡುವುದಿಲ್ಲ.
ಕಲ್ಮಾಡಿ ಕಡೆ ಆಂಬುಲೆನ್ಸ್ ಕೂಗಿದಾಗ
ಎದ್ದು ಕೂತೆ. ಯಾರದೋ ಹೆರಿಗೆಯಂತೆ, ಬೆಳಿಗ್ಗೆ ತಿಳಿಯಿತು.

ಜುಲೈ ಮುಗಿಯುವಾಗ ಅವರ ಹೆಂಡತಿ ಬೇಬಕ್ಕ ಬಂದರು,
ಪ್ಲಾಸ್ಟಿಕ್ಕಿನಲ್ಲಿ ಒಣಸಿಗಡಿ, ಮಡಚಿದ ಚೀಟಿ.
ಬಿಡಿಸಿ ಓದಿದೆ. ಶುಗರ್ ಇನ್ನೂರ ಎಪ್ಪತ್ತು,
ಅಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ.
ಅದಕ್ಕೆ ಹೊಸ ಮಾತ್ರೆ, ಬೆಳಿಗ್ಗೆ ನಡಿಗೆ, ಬೀಡಿ ಬಂದ್.
ಕೇಳಿದ ಮಾತ್ರೆ ಮಾತ್ರ ಇಲ್ಲ;
ಎದೆಯ ಪರೀಕ್ಷೆಯಾಗಲಿ, ಮತ್ತೆ ನೋಡುವ ಅಂದರಂತೆ.

"ಬೆನ್ನು ಹಾಕಿ ಮಲಗುತ್ತಿದ್ದರು, ಒಂದು ವರ್ಷ.
ನನ್ನ ಮೇಲೆ ಎಂತದೋ ಸಿಟ್ಟು ಅಂತ ಎಣಿಸಿದ್ದೆ.
ಡಾಕ್ಟರ ಎದುರು ಸ್ಟ್ರಿಪ್ ಇಟ್ಟಾಗ ಗೊತ್ತಾಯ್ತು.
ಬಸ್ಸಿನಲ್ಲಿ ಬರುವಾಗ ನಗು ತಡೆಯಲಿಕ್ಕಾಗಲಿಲ್ಲ ನನಗೆ,
ಅವರಿಗೂ."

ಬಿಲ್ಲು ಹರಿದು ಕೊಟ್ಟೆ.
ಹೋಗಲಿಲ್ಲ. ಸೆರಗು ಸರಿಮಾಡಿದರು,
ಹಿಂದೆ ಯಾರೂ ಇಲ್ಲವೆಂದು ನೋಡಿದರು.
"ಆಗಸ್ಟಿನಲ್ಲಿ ಬೋಟು ಇಳಿಯುತ್ತದೆ.
ಅಷ್ಟರಲ್ಲಿ ಸರಿಯಾದೀತಾ?"
ಯಾವುದು ಬೇಬಕ್ಕ? ಅಂದೆ.

ಅವರು ಕೆಮ್ಮಿದರು.