ಎರಡು ಬಿಳುಪು

ಹೊರಮಾವು, ಹದಿನಾಲ್ಕನೇ ಮಹಡಿ.
ಬಾಗಿಲು ತೆಗೆದವರೇ ತಿಲೋತ್ತಮಾ ಮೇಡಂ
ಗಾಜಿನ ಲೋಟವೊಂದನ್ನು ಬೆಳಕಿಗೆ ಎತ್ತಿ,
ಕಳ್ಳನ ಕೊರಳಪಟ್ಟಿ ಹಿಡಿದ ಹಾಗೆ,
‘ನೋಡಿ’ ಅಂದರು.

ನೋಡಿದೆ.
ಜನವರಿ ಬೆಳಗಿನ ಕಲ್ಕೆರೆ ಕೆರೆ:
ಆಚೆ ದಡ ಇದೆ, ಕಾಣುವುದಿಲ್ಲ.

ಹನ್ನೊಂದು ವರ್ಷದಿಂದ ಇದೇ ಕೆಲಸ ನನಗೆ.
ಈ ಊರನ್ನು ನಾನು ಪಿನ್‌ಕೋಡಿನಲ್ಲಿ ಓದುವುದಿಲ್ಲ,
ಲೋಟದ ತಳದಲ್ಲಿ ಓದುತ್ತೇನೆ.
ಜಯನಗರದ್ದಕ್ಕೆ ಕಾವೇರಿ, ಮುಖ ತೊಳೆಸಿಕೊಂಡ ಮಗುವಿನ ಹಾಗೆ.
ವರ್ತೂರಿನದಕ್ಕೆ ಟ್ಯಾಂಕರು, ನಿನ್ನೆಯ ಮಾತು ಇಂದಿಲ್ಲ.
ಇಲ್ಲಿಯದಕ್ಕೆ ಬೋರ್‌ವೆಲ್.
ಸಾವಿರದಿನ್ನೂರು ಅಡಿ ಕೆಳಗಿನಿಂದ ಎಳೆದು ತಂದ ನೀರು
ಬರಿಗೈಲಿ ಬರುತ್ತದೆಯೇ?
ಬಂಡೆಯ ಮನೆಯ ಸುಣ್ಣ ಗಂಟು ಕಟ್ಟಿಕೊಂಡು ಬಂದು
ಬಿಸಿಯಾದ ಕೂಡಲೇ ಬಿಚ್ಚಿ
ಸಿಕ್ಕ ಗಾಜಿನ ಮೇಲೆಲ್ಲ ಹರವಿ ಕೂರುತ್ತದೆ.

‘ಬೇಳೆ ಬೇಯದ ನೀರಲ್ಲಿ ಲೋಟ ಹೊಳೀತದಾ?’
ಅಂದದ್ದು ನೀಲವೇಣಿ, ಒಲೆಯ ಕಡೆಯಿಂದ.
ಮೆಷಿನ್ ಬಂದ ದಿನದಿಂದ
ಅವಳಿಗೂ ಅದಕ್ಕೂ ಮಾತಿಲ್ಲವಂತೆ.

ಮಂಡಿಯೂರಿ ಒಳಗೆ ತಲೆ ಹಾಕಿದೆ.
ಜಾಲರಿಯಲ್ಲಿ ಸಾಸಿವೆ, ಕರಿಬೇವಿನ ಕಡ್ಡಿ.
ನೀರು ಚಿಮ್ಮುವ ರೆಕ್ಕೆಯ ಒಂದು ಕಣ್ಣಿಗೆ
ಜೀರಿಗೆ ಕಾಳು ಸಿಕ್ಕಿ ಕುರುಡಾಗಿತ್ತು.
ಪಿನ್ನಿನಿಂದ ತೆಗೆದೆ.
ಉಪ್ಪಿನ ಗುಂಡಿಯ ಮುಚ್ಚಳ ತಿರುಗಿಸಿದರೆ
ಬರೀ ನೀರು, ಉಪ್ಪಿನ ನೆನಪೂ ಇಲ್ಲ.
‘ನೀರೇ ಉಪ್ಪಲ್ವಾ? ಮೇಲೆ ಮತ್ತೆ ಉಪ್ಪು ಯಾಕೆ?’
ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆ ಇದು.
ಉಪ್ಪುನೀರಿಗೆ ಉಪ್ಪೇ ಮದ್ದು, ಮೇಡಂ,
ಸಾರಿಗೆ ಹಾಕುವುದಲ್ಲ, ಈ ದಪ್ಪ ಹರಳು.
ಹೊಳಪಿನ ದ್ರವವೂ ತಳ ಕಂಡಿದೆ, ತುಂಬಿಸಿ.
ಲೋಟ ಲೋಟಕ್ಕೆ ತಾಗದ ಹಾಗೆ ಇಡಿ,
ಬಿಎಂಟಿಸಿ ಬಸ್ಸಿನ ಹಾಗೆ ತುಂಬಬೇಡಿ.

ಆಮೇಲೆ ಸ್ಟೀಲಿನ ಬೇಸಿನ್ನಿಗೆ ವಿನೆಗರ್ ಸುರಿದು
ಆರು ಲೋಟವನ್ನೂ ಮಲಗಿಸಿದೆ.
‘ಹುಣಿಸೆಹಣ್ಣು ಆಗಲ್ವಾ?’
ಆಗತ್ತೆ, ಸ್ವಲ್ಪ ನಿಧಾನ, ಅಂದೆ.
ನೀಲವೇಣಿ ಮೊದಲ ಸಲ ಹತ್ತಿರ ಬಂದಳು.

ಕಾಲು ಗಂಟೆ.
ಒಂದೊಂದೇ ಎತ್ತಿ ಕಿಟಕಿಗೆ ಹಿಡಿದೆವು.
ಮಂಜು ಕರಗಿ, ಗಾಜಿನ ಆಚೆ
ಅವಳ ಮೂಗುತಿ ಕಂಡಿತು.
ಐದು ಸಲ ಕಂಡಿತು.
ಆರನೆಯದರಲ್ಲಿ ಕಾಣಲಿಲ್ಲ.

ಮತ್ತೆ ಮುಳುಗಿಸಿದೆ. ಉಗುರಿನಿಂದ ಕೆರೆದೆ.
ಉಗುರಿಗೆ ಏನೂ ಬರಲಿಲ್ಲ.
‘ಇದು ಇಲ್ಲಿ ಕೊಂಡದ್ದಾ?’
ಅಲ್ಲ, ಮಲ್ಲೇಶ್ವರದ ಮನೆಯದು,
ಒಡೆದು ಒಡೆದು ಆ ಸೆಟ್ಟಿನಲ್ಲಿ ಉಳಿದದ್ದು ಇದೊಂದೇ.
ಅಲ್ಲಿ ಬರೀ ಸಿಹಿನೀರು, ಕಾವೇರಿ. ಆದರೂ
ಎರಡೆರಡು ಬಿಲ್ಲೆ ಹಾಕುತ್ತಿದ್ದೆ, ಬಿಸಿಯೂ ಜಾಸ್ತಿ ಇಡುತ್ತಿದ್ದೆ,
ಸ್ವಚ್ಛವಾಗಲಿ ಅಂತ.

ಹೇಳಲೋ ಬೇಡವೋ ಅನ್ನಿಸಿತು. ಹೇಳಿದೆ.
ಬಿಳುಪಿನಲ್ಲಿ ಎರಡು ಬಗೆ, ಮೇಡಂ.
ಆ ಐದರ ಮೇಲೆ ಏನೋ ಬಂದು ಕೂತಿತ್ತು,
ಎಬ್ಬಿಸಿ ಕಳಿಸಿದೆವು.
ಇದರಿಂದ ಏನೋ ಎದ್ದು ಹೋಗಿದೆ.
ಮೆದು ನೀರಿಗೆ ಅಷ್ಟು ಖಾರದ ಪುಡಿ ಕೊಟ್ಟರೆ
ಅದು ಗಾಜನ್ನೇ ತಿನ್ನುತ್ತದೆ.
ಸುಣ್ಣವಾದರೆ ತೆಗೆಯಬಹುದು,
ಸವೆದದ್ದನ್ನು ಎಲ್ಲಿಂದ ತರಲಿ?

ಅವರು ಲೋಟವನ್ನು ಸೆರಗಿನ ತುದಿಯಿಂದ ಒರೆಸಿದರು,
ಗೊತ್ತಿದ್ದೂ.

ನನ್ನ ಫಾರಂನಲ್ಲಿ ಎರಡೇ ಚೌಕ:
ಸರಿಯಾಗಿದೆ. ಸರಿಯಾಗಿಲ್ಲ.
ಮೊದಲನೆಯದಕ್ಕೆ ಟಿಕ್ ಹಾಕಿ
ಪಕ್ಕದಲ್ಲಿ ಚಿಕ್ಕದಾಗಿ ‘ಐದು’ ಅಂತ ಬರೆದೆ.

ಎಸೆಯೋದಾ, ಎಂದು ಮೇಡಂ ಕೇಳುವಷ್ಟರಲ್ಲಿ
ನೀಲವೇಣಿ ಅದನ್ನು ಕಸಿದುಕೊಂಡು ಹೋಗಿ
ಮಜ್ಜಿಗೆ ತುಂಬಿಸಿ ತಂದಳು,
ಇಂಗು, ಹಸಿಶುಂಠಿ, ಹದವಾದ ಉಪ್ಪು.
ಬಿಳುಪಿನೊಳಗೆ ಬಿಳುಪು,
ಯಾವುದು ಎಲ್ಲಿ ಮುಗಿಯಿತೋ ಕಾಣಲಿಲ್ಲ.

ಒಂದೇ ಉಸಿರಿಗೆ ಕುಡಿದು ಕಟ್ಟೆಯ ಮೇಲಿಟ್ಟು
ಪಾನ, ಸ್ಕ್ರೂಡ್ರೈವರ್ ಚೀಲಕ್ಕೆ ತುಂಬುತ್ತಿದ್ದೆ.
ಹಿಂದಿನಿಂದ ನೀಲವೇಣಿ:
‘ಅಯ್ಯೋ, ಹಾಗೇ ಬಿಟ್ರಲ್ಲ, ಹುಳಿ ಆಗಿತ್ತಾ?’