ಹನ್ನೆರಡನೆಯ ಹಾಜರಿ

ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆ ಮೇಲೆ
ತಗಡಿನ ಸೂರಿನ ಒಂದು ಕೋಣೆ.
ಅಲ್ಲಿ ಸಂಜೆ ಆರಕ್ಕೆ ಜಪಾನು.

ಕೆಳಗೆ ನಾನು, ಮಾಬುನ್ನಿ,
ಜಿಪ್ಪು ಕೂಡಿಸುವವಳು. ತಾಸಿಗೆ ನಲವತ್ತು.
ಮಷಿನ್ನು ನಿಂತಾಗಲೆಲ್ಲ
ತಲೆ ಮೇಲಿಂದ ಪಾಠ ಸೋರುತ್ತಿತ್ತು:
ತೋರಣಗಲ್ಲಿನ ಉಕ್ಕಿನ ಹುಡುಗರು
ಗಂಟಲು ಕಟ್ಟುವ ತನಕ ಎಣಿಸುವುದು
ಇಚಿ, ನಿ, ಸಾನ್.
ನಾನೂ ಎಣಿಸಿದೆ. ಜಿಪ್ಪಿಗೆ ಯಾವ ಭಾಷೆಯಾದರೇನು,
ಹಲ್ಲಿಗೆ ಹಲ್ಲು ಕೂತರಾಯಿತು.

ಕಲಿಸಲು ಬಂದವರು ಮೊರಿಯಾಮಾ ಮೇಡಂ.
ಅವರ ದೇಶದ ಸಂಸ್ಥೆ ಕಳಿಸಿತ್ತಂತೆ
ಎರಡು ಪೆಟ್ಟಿಗೆ ಪುಸ್ತಕ,
ಹಿಮದ ಗುಡ್ಡದ ಕ್ಯಾಲೆಂಡರು,
ಜೊತೆಗೆ ಇವರನ್ನೂ.
ನಮ್ಮ ಬಿಸಿಲಿಗೆ ಮೊದಲು ಕ್ಯಾಲೆಂಡರು ಮಾಸಿತು.
ಇವರು ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಕಚ್ಚಿ
ಕಣ್ಣೊರೆಸಿಕೊಂಡು ಇನ್ನೊಂದು ಕೇಳಿದರು.

ಒಂದು ದಿನ ದೆಹಲಿಯಿಂದ ತಪಾಸಣೆ ಸಾಹೇಬರು.
ಹನ್ನೆರಡು ಮಂದಿ ಇರಬೇಕು, ಇಲ್ಲವೇ ಬೀಗ.
ಇದ್ದವರು ಹನ್ನೊಂದು; ಒಬ್ಬನಿಗೆ ಎರಡನೇ ಪಾಳಿ.
"ಅಕ್ಕಾ, ಐದು ನಿಮಿಷ, ಸುಮ್ಮನೆ ಕೂತರೆ ಸಾಕು."
ಮೈಮೇಲಿನ ನೀಲಿ ನೂಲು ಕೊಡವಿಕೊಂಡು ಹತ್ತಿದೆ.

ಕಾಗದ ಕೊಟ್ಟರು. ಹೆಸರು. ವಯಸ್ಸು. ಮಾತೃಭಾಷೆ.
ಅಮ್ಮಿಯ ಜೊತೆ ದಖನಿ, ಮಾಲೀಕನ ಜೊತೆ ತೆಲುಗು,
ಲೆಕ್ಕ, ಬೈಗುಳ ಎರಡೂ ಕನ್ನಡ.
ಗೆರೆ ಒಂದೇ ಇತ್ತು. ಮೂರನ್ನೂ ಒತ್ತಿ ಬರೆದೆ,
ಬಟ್ಟೆ ಸಾಲದ ಕಡೆ ಹೊಲಿಗೆ ಒತ್ತುವ ಹಾಗೆ.

ಸಾಹೇಬರು ನನ್ನನ್ನೇ ನೋಡಿ ಏನೋ ಕೇಳಿದರು.
ಹನ್ನೊಂದು ಕತ್ತು ಬೆವರಿದವು.
ಎದ್ದು ನಿಂತು, ಹುಡುಗರು ವಾರವಿಡೀ ಉರು ಹೊಡೆದದ್ದನ್ನೇ ಅಂದೆ:
"ಇತ್ತೆಕಿಮಾಸು."

ಹೋಗಿ ಬರ್ತೀನಿ ಅಂತ ಅದರ ಅರ್ಥ.
ಬರೀ ಹೋಗ್ತೀನಿ ಅಂದರೆ ಇಲ್ಲಿ ಯಾರು ಬಿಡುತ್ತಾರೆ?
ಅಮ್ಮಿಗೆ ಜಾಕೆ ಆತೂಂ, ಮಾಲೀಕನಿಗೆ ವೆಳ್ಳೊಸ್ತಾ,
ಬರುವುದನ್ನು ಹೊಸ್ತಿಲಲ್ಲೇ ಒತ್ತೆಯಿಟ್ಟು ಹೋಗಬೇಕು.

ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ.
ಆದರೂ ಸಾಹೇಬರ ಬಾಯಿಂದ
"ಇತ್ತೆರಾಶ್ಶಾಯ್" ಅಂತ ಬಂದುಬಿಟ್ಟಿತು,
ಅಡುಗೆಮನೆಯಿಂದ ಯಾರೋ ಕೂಗಿದಂತೆ.
ಪೆನ್ನಿನ ಮುಚ್ಚಳ ಕೈಯಲ್ಲೇ ಉಳಿಯಿತು.

ಕೆಳಗಿಳಿದೆ. ಮೂರು ಜಿಪ್ಪು ಕಡಿಮೆ.
ಮಾಲೀಕ ಬರೆದುಕೊಂಡ.

ಮುಂದಿನ ಮಾರ್ಚಿಗೆ ಸಂಸ್ಥೆಯೇ ಕೈ ಎತ್ತಿತು, ಬೇರೆ ಕಾರಣಕ್ಕೆ.
ಆದರೆ ಸಮುದ್ರದಾಚೆ ಒಂದು ಕಡತದಲ್ಲಿ
ನಾನಿನ್ನೂ ಕಲಿಯುತ್ತಿರಬೇಕು, ಮೂರು ತಾಯ್ನುಡಿಯವಳು.

ಈಗ ಆ ಕೋಣೆ ತುಂಬ ಗುಂಡಿಗಳ ಚೀಲ.
ತರಲು ಹೋದಾಗ ಮೆಟ್ಟಿಲು ಎಣಿಸುತ್ತೇನೆ,
ಇಚಿ, ನಿ, ಸಾನ್…
ಇರುವುದು ಹದಿನಾಲ್ಕು.
ಹತ್ತರ ಮೇಲೆ ಕನ್ನಡ.